ಹೊಗೆ ಹೋಯಿತು, ಹೊಗೆಯ ದಾರಿ ಬೇಡವೇ?

ಮಕ್ಕಳೇ, ನಿಮ್ಮೂರಿನಲ್ಲಿ ಹಳೆಯ ಮಣ್ಣಿನ ಮಾಳಿಗೆಯ ಮನೆ ಇದ್ದರೆ ಅದರ ಅಡುಗೆಮನೆಗೆ ಹೋಗಿ ಒಮ್ಮೆ ತಲೆ ಎತ್ತಿ ನೋಡಿ. ಒಲೆಯ ಹತ್ತಿರ, ತೊಲೆಗಳ ನಡುವೆ ಒಂದು ಚೌಕನೆಯ ಕಿಂಡಿ ಕಾಣುತ್ತದೆ. ಅದೇ ಬೆಳಕಿಂಡಿ. ಹಗಲಲ್ಲಿ ಅದರಿಂದ ಬೆಳಕು ಒಳಗೆ ಇಳಿಯುತ್ತದೆ; ಒಲೆ ಹೊತ್ತಿದಾಗ ಹೊಗೆ ಹೊರಗೆ ಏರುತ್ತದೆ. ಮಳೆ ಬಂದರೆ ಮೇಲಿನಿಂದ ಮುಚ್ಚಲು ಒಂದು ಹಾಸುಗಲ್ಲೋ ತಗಡೋ ಇರುತ್ತದೆ.

ಈಗ ಅಂಥ ಮನೆಗಳಿಗೂ ಗ್ಯಾಸ್ ಒಲೆ ಬಂದಿದೆ. ಹೊಗೆ ಇಲ್ಲ. ಹಾಗಾದರೆ ಕಿಂಡಿ ಯಾಕೆ? ‘ಮಳೆ ಸೋರುತ್ತದೆ, ಬೆಕ್ಕು ಇಳಿಯುತ್ತದೆ, ಮಂಗ ಇಣುಕುತ್ತದೆ’ ಎಂದು ಅದನ್ನು ಗಾಜಿನಿಂದಲೋ ಸಿಮೆಂಟಿನಿಂದಲೋ ಭದ್ರವಾಗಿ ಮುಚ್ಚಿದವರಿದ್ದಾರೆ. ಹೊಸದಾಗಿ ಸ್ಲ್ಯಾಬ್ ಹಾಕಿದ ಮನೆಯಲ್ಲಂತೂ ಕಿಂಡಿಯ ಸುಳಿವೇ ಇರುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಣ್ಣಿಗೆ ಕಾಣುವ ಹೊಗೆ ಹೋಯಿತು, ನಿಜ. ಆದರೆ ಬೆಂಕಿಯಿಂದ ಹೊರಬರುವುದೆಲ್ಲ ಹೋಯಿತೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಇಟಗಿಯ ಒಲೆಯಿಂದ ಹೊರಟು ಪರದೇಶದ ಇಟ್ಟಿಗೆ ಚಿಮಣಿಯವರೆಗೆ ಹೋಗಿ ಬರೋಣ. ಅಜ್ಜ, ಅಜ್ಜಿ ಜೊತೆಗಿದ್ದರೆ ಇನ್ನೂ ಚೆನ್ನ. ಈ ಕಥೆಯ ಅರ್ಧ ಅವರಿಗೆ ಗೊತ್ತೇ ಇದೆ.

ಎರಿ ಸೀಮೆಯ ಒಲೆ

ಇಟಗಿ ಎಂದ ಕೂಡಲೇ ಕೆಲವರಿಗೆ ಕೊಪ್ಪಳ ಜಿಲ್ಲೆಯ ಇಟಗಿ, ಅಲ್ಲಿನ ಮಹಾದೇವ ದೇವಾಲಯ ನೆನಪಾಗುತ್ತದೆ. ನಾವು ಹೇಳುತ್ತಿರುವುದು ಆ ಇಟಗಿ ಅಲ್ಲ. ಇದು ಗದಗ ಜಿಲ್ಲೆಯ ರೋಣ–ಗಜೇಂದ್ರಗಡ ಸೀಮೆಯ ಇಟಗಿ, ಭೀಮಾಂಬಿಕಾ ದೇವಿಯ ಊರೆಂದು ಹೆಸರಾದದ್ದು.

ಈ ಸೀಮೆ ಎರಿ ಭೂಮಿಯದು. ಜೋಳ, ಕಡಲೆ, ಹತ್ತಿ, ಸೂರ್ಯಕಾಂತಿ ಇಲ್ಲಿನ ಬೆಳೆಗಳು. ಮಲೆನಾಡಿನಂತೆ ಇಲ್ಲಿ ದಟ್ಟ ಕಾಡಿಲ್ಲ. ಹೀಗಾಗಿ ಒಲೆಗೆ ಹೊಲವೇ ಉರುವಲು ಕೊಡಬೇಕು. ಹತ್ತಿ ಬಿಡಿಸಿ ಮುಗಿದ ಮೇಲೆ ಕಿತ್ತ ಹತ್ತಿಕಟ್ಟಿಗೆ, ಬೇಲಿಯ ಬಳ್ಳಾರಿ ಜಾಲಿ, ಸಗಣಿ ತಟ್ಟಿ ಒಣಗಿಸಿದ ಕುಳ್ಳು, ಇವೇ ಸೌದೆ. ಹತ್ತಿಕಟ್ಟಿಗೆ ಬೇಗ ಹೊತ್ತಿ ಬೇಗ ಆರುತ್ತದೆ. ಕುಳ್ಳು ನಿಧಾನವಾಗಿ ಉರಿದರೂ ಹೊಗೆ ಜಾಸ್ತಿ. ಮಳೆಗಾಲದಲ್ಲಿ ಎಲ್ಲವೂ ಹಸಿ. ಊದುಗೊಳವೆ ಹಿಡಿದು ಒಲೆ ಊದಿದ ಅಜ್ಜಿಯರನ್ನು ಕೇಳಿ ನೋಡಿ, ಕಣ್ಣೀರಿನ ಲೆಕ್ಕ ಅವರೇ ಹೇಳುತ್ತಾರೆ.

ಆ ಹೊಗೆಯನ್ನು ಮೇಲಕ್ಕೆ ಎಳೆದವರು ಯಾರು? ಫ್ಯಾನ್ ಇರಲಿಲ್ಲ, ಕರೆಂಟೂ ಇರಲಿಲ್ಲ. ಬೆಂಕಿಯೇ ತನ್ನ ಹೊಗೆಯನ್ನು ತಾನೇ ಹೊರಗೆ ಕಳಿಸುತ್ತಿತ್ತು. ಕಾದ ಗಾಳಿ ಹಿಗ್ಗಿ ಹಗುರಾಗುತ್ತದೆ. ಹಗುರಾದದ್ದು ಮೇಲೇರಿ ಬೆಳಕಿಂಡಿಯಿಂದ ಹೊರಗೆ ಹೋಗುತ್ತದೆ. ಅದು ಬಿಟ್ಟುಹೋದ ಜಾಗಕ್ಕೆ ಬಾಗಿಲಿನಿಂದ ತಣ್ಣನೆಯ ಹೊಸ ಗಾಳಿ ನುಗ್ಗುತ್ತದೆ. ಕೆಳಗೊಂದು ದಾರಿ, ಮೇಲೊಂದು ದಾರಿ. ಎರಡರಲ್ಲಿ ಒಂದನ್ನು ಮುಚ್ಚಿದರೂ ಇನ್ನೊಂದು ಸರಿಯಾಗಿ ಕೆಲಸ ಮಾಡುವುದಿಲ್ಲ.

ಕಂದೀಲು ಹೇಳಿದ ಪಾಠ

ನಮ್ಮ ಉತ್ತರ ಕರ್ನಾಟಕದಲ್ಲಿ ‘ಚಿಮಣಿ’ ಎಂದರೆ ಹಿರಿಯರಿಗೆ ಮೊದಲು ನೆನಪಾಗುವುದು ಸೀಮೆಎಣ್ಣೆಯ ದೀಪ, ಚಿಮಣಿ ಬುಡ್ಡಿ. ಇಂಗ್ಲಿಷಿನಲ್ಲಿ ಆ ಹೆಸರು ಹೊಗೆ ಹೋಗುವ ಗೂಡಿಗೂ ಇದೆ, ದೀಪದ ಗಾಜಿಗೂ ಇದೆ. ಅದು ಸುಮ್ಮನೆ ಬಂದದ್ದಲ್ಲ. ಎರಡೂ ಮಾಡುವ ಕೆಲಸ ಒಂದೇ.

ಅಜ್ಜನ ಕಾಲದ ಕಂದೀಲು ಮನೆಯಲ್ಲಿದ್ದರೆ ಹೊರಗೆ ತೆಗೆಯಿರಿ. ಬತ್ತಿಯ ಸುತ್ತ ಕೆಳಗೆ ಸಣ್ಣ ಸಣ್ಣ ತೂತುಗಳಿವೆ. ಅಲ್ಲಿಂದ ಗಾಳಿ ಒಳಗೆ ಬರುತ್ತದೆ. ಗಾಜಿನ ಮೇಲೆ ಬಿಸಿ ಗಾಳಿ ಹೋಗಲು ದಾರಿ ಇದೆ. ಗಾಜು ಹಾಕದೆ ಬತ್ತಿ ಹೊತ್ತಿಸಿದರೆ ಉರಿ ಅಲ್ಲಾಡುತ್ತದೆ, ಕೆಂಪಾಗಿ ಮಸಿ ಕಾರುತ್ತದೆ. ಗಾಜು ಇಳಿಸಿದ ಕೂಡಲೇ ಉರಿ ನೆಟ್ಟಗೆ ನಿಂತು ಬೆಳ್ಳಗೆ ಬೆಳಗುತ್ತದೆ. ಕೆಳಗಿನ ತೂತುಗಳಲ್ಲಿ ಕಸ ತುಂಬಿದರೆ? ಮತ್ತೆ ಮಸಿ. ಗಾಜೆಲ್ಲ ಕಪ್ಪು. ಅದಕ್ಕೇ ಸಂಜೆಯಾದರೆ ಬೂದಿ ಹಚ್ಚಿ ಗಾಜು ಒರೆಸುವುದು ಮನೆಯ ಮಕ್ಕಳ ಕೆಲಸವಾಗಿತ್ತು.

ಒಂದು ಅಡುಗೆಮನೆ ಎಂದರೆ ದೊಡ್ಡದೊಂದು ಕಂದೀಲು ಎಂದುಕೊಳ್ಳಿ. ಬಾಗಿಲು ಅದರ ಕೆಳಗಿನ ತೂತು, ಬೆಳಕಿಂಡಿ ಅದರ ಮೇಲಿನ ಬಾಯಿ.

ಅಸ್ತ್ರ ಒಲೆ ಕಲಿಸಿದ್ದು

ಹೊಗೆ ಕೋಣೆಯಲ್ಲೆಲ್ಲ ಸುತ್ತಿ ಆಮೇಲೆ ಕಿಂಡಿ ಹುಡುಕಿಕೊಂಡು ಹೋಗುವ ಬದಲು ಒಲೆಯಿಂದಲೇ ನೇರವಾಗಿ ಹೊರಗೆ ಹೋದರೆ ಹೇಗೆ? ಈ ಕೆಲಸಕ್ಕೆ ಕೈಹಾಕಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಹಳ್ಳಿಗಳಿಗೆ ವಿಜ್ಞಾನ ಮುಟ್ಟಿಸಬೇಕೆಂದು 1974ರಲ್ಲಿ ಅಲ್ಲಿ ‘ಅಸ್ತ್ರ’ ಎಂಬ ವಿಭಾಗ ಶುರುವಾಯಿತು. ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿ ಅದರ ಹಿಂದಿನ ಶಕ್ತಿ. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅದರ ಕೇಂದ್ರವಿತ್ತು. ಅಸ್ತ್ರದ ವಿಜ್ಞಾನಿಗಳು ರೂಪಿಸಿದ ಒಲೆಗೆ ‘ಅಸ್ತ್ರ ಒಲೆ’ ಎಂದೇ ಹೆಸರಾಯಿತು. 1980ರ ದಶಕದಲ್ಲಿ ಅದು ಕರ್ನಾಟಕದ ಅನೇಕ ಹಳ್ಳಿಗಳ ಮನೆ ಸೇರಿತು.

ಅದರಲ್ಲಿ ಮೂರು ಪಾತ್ರೆ ಇಡಲು ಜಾಗ. ಬೆಂಕಿ ಒಳಗೆ ಮುಚ್ಚಿದ ಗೂಡಿನಲ್ಲಿ. ಸೌದೆಯ ಕೆಳಗೆ ಜಾಲರಿ. ಬೂದಿ ಕೆಳಗೆ ಬೀಳುತ್ತದೆ, ಗಾಳಿ ಮೇಲೆ ಬರುತ್ತದೆ. ಬಿಸಿ ಗಾಳಿ ಮೂರೂ ಪಾತ್ರೆಗಳ ಅಡಿ ಸವರಿಕೊಂಡು ಹೋಗಿ ಕೊನೆಗೆ ಕೊಳವೆ ಹತ್ತಿ ಮಾಳಿಗೆಯ ಮೇಲೆ ಹೊರಬೀಳುತ್ತದೆ. ಸೌದೆಯೂ ಉಳಿಯಿತು, ಕಣ್ಣೂ ಉಳಿಯಿತು.

ಆದರೆ ಒಂದು ಷರತ್ತು ಇತ್ತು. ಕೊಳವೆಯಲ್ಲಿ ಮಸಿ ಕಟ್ಟುತ್ತದೆ. ಅದನ್ನು ಆಗಾಗ ತೆಗೆಯಲೇಬೇಕು. ತೆಗೆಯದ ಮನೆಗಳಲ್ಲಿ ಹೊಗೆ ಮತ್ತೆ ಒಲೆಯ ಬಾಯಿಯಿಂದಲೇ ಹೊರಗೆ ಬರತೊಡಗಿತು. ಹೊಗೆಗೆ ದಾರಿ ಮಾಡಿಕೊಟ್ಟರೆ ಸಾಲದು, ಆ ದಾರಿಯನ್ನು ಕಾಯಲೂ ಬೇಕು. ಈ ಮಾತನ್ನು ಗಂಟು ಹಾಕಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ಸಿಲಿಂಡರ್, 22 ಲೀಟರ್ ನೀರು!

ಆಮೇಲೆ ಗ್ಯಾಸ್ ಬಂತು. ನಮ್ಮ ದೇಶದಲ್ಲಿ ಅಡುಗೆ ಅನಿಲ ಮೊದಲು ಮಾರಾಟಕ್ಕೆ ಬಂದದ್ದು ಮುಂಬೈಯಲ್ಲಿ, 1955ರಲ್ಲಿ. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಬಡವರ ಮನೆಗಳಿಗೂ ಸಿಲಿಂಡರ್ ಬಂತು. ಹೊಗೆ ಕುಡಿದು ಬದುಕಿದ ಹೆಂಗಸರಿಗೆ ಇದು ದೊಡ್ಡ ಬಿಡುಗಡೆ. ಅದರಲ್ಲಿ ಎರಡು ಮಾತಿಲ್ಲ.

ಆದರೆ ಗ್ಯಾಸ್ ಉರಿದಾಗ ಏನಾಗುತ್ತದೆ? ಒಂದು ಸಣ್ಣ ಪ್ರಯೋಗ ಮಾಡಿ. ಒಲೆ ಹಚ್ಚುವ ಕೆಲಸ ದೊಡ್ಡವರದು, ನೋಡುವ ಕೆಲಸ ನಿಮ್ಮದು. ಹೊಳೆಯುವ ಸ್ಟೀಲ್ ಪಾತ್ರೆಯಲ್ಲಿ ತಣ್ಣೀರು ತುಂಬಿ, ಹೊರಭಾಗವನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಉರಿಯ ಮೇಲೆ ಇಡಲು ಹೇಳಿ. ಕೆಲವೇ ಕ್ಷಣಗಳಲ್ಲಿ ಪಾತ್ರೆಯ ಹೊರಗೆ ಮಂಜು ಕಟ್ಟಿದಂತೆ ತೇವ ಕಾಣುತ್ತದೆ. ಆಮೇಲೆ ಪಾತ್ರೆ ಕಾದಂತೆ ಅದು ಮಾಯವಾಗುತ್ತದೆ. ಪಾತ್ರೆ ಸೋರಿಲ್ಲ. ಆ ತೇವದಲ್ಲಿ ಬಹುಪಾಲು ಬಂದದ್ದು ಬೆಂಕಿಯಿಂದಲೇ!

ಅಡುಗೆ ಅನಿಲದಲ್ಲಿರುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯುಟೇನ್. ಇವೆರಡರಲ್ಲೂ ಇಂಗಾಲ ಮತ್ತು ಜಲಜನಕ ಇವೆ. ಉರಿಯುವಾಗ ಜಲಜನಕವು ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಿನ ಆವಿಯಾಗುತ್ತದೆ. ಇಂಗಾಲ ಆಮ್ಲಜನಕದ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಪ್ರೌಢಶಾಲೆಯ ಮಕ್ಕಳು ಸಮೀಕರಣ ಬರೆದು ಲೆಕ್ಕ ಹಾಕಬಹುದು: ಒಂದು ಕಿಲೋ ಅನಿಲ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಿನ ಆವಿ ಹುಟ್ಟುತ್ತದೆ. ಅಂದರೆ 14.2 ಕೆ.ಜಿ.ಯ ಒಂದು ಸಿಲಿಂಡರ್ ಪೂರ್ತಿ ಉರಿದು ಮುಗಿಯುವಷ್ಟರಲ್ಲಿ ಸುಮಾರು 22 ಲೀಟರ್ ನೀರು ಆವಿಯಾಗಿ ಮನೆಯ ಗಾಳಿ ಸೇರಿರುತ್ತದೆ!

ಗಾಳಿಯ ಲೆಕ್ಕವೂ ಕೇಳಿ. ಒಂದು ಕಿಲೋ ಅನಿಲಕ್ಕೆ ಸುಮಾರು 15.5 ಕಿಲೋ ಗಾಳಿ ಬೇಕು. ಒಂದು ಸಿಲಿಂಡರಿಗೆ ಸುಮಾರು 220 ಕಿಲೋ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಆರೂವರೆ ಕೋಣೆಗಳಲ್ಲಿ ಹಿಡಿಸುವಷ್ಟು ಗಾಳಿ ಅದು.

ಈ ಗಾಳಿ ಸಿಗದಿದ್ದರೆ? ಇಂಗಾಲಕ್ಕೆ ಪೂರ್ತಿ ಆಮ್ಲಜನಕ ಸಿಗದೆ ಅರ್ಧಂಬರ್ಧ ಉರಿಯುತ್ತದೆ. ಆಗ ಹುಟ್ಟುವುದೇ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮೂ ಬರುವುದಿಲ್ಲ. ನಮ್ಮ ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ವಿಷವನ್ನು ಹಿಡಿದುಕೊಳ್ಳುತ್ತದೆ. ಬಸ್ಸಿನ ಸೀಟುಗಳಲ್ಲೆಲ್ಲ ಬೇರೆಯವರು ಕೂತುಬಿಟ್ಟರೆ ನಿಜವಾದ ಪ್ರಯಾಣಿಕನಿಗೆ ಜಾಗವಿಲ್ಲದಂತೆ, ರಕ್ತದಲ್ಲಿ ಆಮ್ಲಜನಕಕ್ಕೆ ಜಾಗ ಸಿಗುವುದಿಲ್ಲ.

ಸೌದೆ ಒಲೆಯ ಹೊಗೆ ಕಾಟ ಕೊಟ್ಟರೂ ‘ಬಾಗಿಲು ತೆಗೆ’ ಎಂದು ಎಚ್ಚರಿಸುತ್ತಿತ್ತು. ಈ ವಿಷಕ್ಕೆ ಬಾಯಿಲ್ಲ.

ಇಟ್ಟಿಗೆ ಚಿಮಣಿಯೊಳಗೆ ಗ್ಯಾಸ್ ಬಂದಾಗ

ಹಳೆಯ ಹೊಗೆದಾರಿಯನ್ನು ಹೊಸ ಬೆಂಕಿಗೆ ಹೇಗೆ ಹೊಂದಿಸಬೇಕು ಎಂಬುದನ್ನು ಚಳಿ ದೇಶಗಳವರು ಕಷ್ಟಪಟ್ಟು ಕಲಿತಿದ್ದಾರೆ. ಅಮೆರಿಕ, ಕೆನಡಾ, ಇಂಗ್ಲೆಂಡಿನಲ್ಲಿರುವ ಮಗ, ಮಗಳ ಮನೆಗೆ ಹೋಗಿ ಬಂದ ಅಜ್ಜ, ಅಜ್ಜಿಯರು ಅಲ್ಲಿನ ಗೋಡೆಯೊಳಗಿನ ಅಗ್ಗಿಷ್ಟಿಕೆ ನೋಡಿರುತ್ತಾರೆ. ಅದೇ ಫೈರ್‌ಪ್ಲೇಸ್. ನಮ್ಮಲ್ಲೂ ಬೆಂಗಳೂರು ದಂಡು ಪ್ರದೇಶದ ಹಳೆಯ ಬಂಗಲೆಗಳಲ್ಲಿ, ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಬಂಗಲೆಗಳಲ್ಲಿ ಇಂಥವು ಇವೆ. ಗೋಡೆಯಲ್ಲಿ ಗೂಡು, ಗೂಡಿನ ಮೇಲೆ ಇಟ್ಟಿಗೆಯ ಅಗಲವಾದ ಚಿಮಣಿ, ಛಾವಣಿ ದಾಟಿ ಮೇಲೆ ಅದರ ಬಾಯಿ.

ಇಂಗ್ಲೆಂಡಿನಲ್ಲಿ ಮನೆ ಮನೆಯ ಇಂಥ ಗೂಡುಗಳಲ್ಲಿ ಕಲ್ಲಿದ್ದಲು ಉರಿಯುತ್ತಿತ್ತು. 1952ರ ಡಿಸೆಂಬರಿನಲ್ಲಿ ಲಂಡನ್ ನಗರದ ಮೇಲೆ ಹೊಗೆ ಮತ್ತು ಮಂಜು ಸೇರಿ ಐದು ದಿನ ಕವಿದು, ಸಾವಿರಾರು ಜನ ಸತ್ತರು. 1956ರಲ್ಲಿ ಅಲ್ಲಿ ಶುದ್ಧ ಗಾಳಿಗಾಗಿ ಕಾನೂನು ಬಂತು. ಕಲ್ಲಿದ್ದಲಿನ ಜಾಗಕ್ಕೆ ಹೊಗೆಯಿಲ್ಲದ ಇಂಧನಗಳು ಬಂದವು, ಅವುಗಳಲ್ಲಿ ಗ್ಯಾಸ್ ಕೂಡ ಒಂದು. ಬೆಂಕಿ ಬದಲಾಯಿತು, ಚಿಮಣಿ ಮಾತ್ರ ಹಳೆಯದು.

ಇಟ್ಟಿಗೆಯ ಚಿಮಣಿ ದೊಡ್ಡದಾಗಿದೆ, ಗಟ್ಟಿಯಾಗಿದೆ. ಗ್ಯಾಸಿನ ಹಬೆ ಅದರಲ್ಲೇ ಹೋಗಲಿ ಎಂದರೆ ತಪ್ಪೇನು? ಮೇಲಿನ ಪಾತ್ರೆಯ ಪ್ರಯೋಗ ನೆನಪಿಸಿಕೊಳ್ಳಿ, ಉತ್ತರ ಅಲ್ಲೇ ಇದೆ.

ಸೌದೆಯ ಹೊಗೆ ಬಹಳ ಬಿಸಿಯಾಗಿ, ರಭಸದಿಂದ ಏರುತ್ತದೆ. ಗ್ಯಾಸ್ ಅಗ್ಗಿಷ್ಟಿಕೆಯಿಂದ ಬರುವ ಹಬೆ ಅಷ್ಟು ಬಿಸಿಯಲ್ಲ, ಅಷ್ಟು ರಭಸವೂ ಇಲ್ಲ. ಜೊತೆಗೆ ಅದರಲ್ಲಿ ನೀರಿನ ಆವಿ ಹೇರಳ. ಅಗಲವಾದ ತಣ್ಣನೆಯ ಇಟ್ಟಿಗೆ ಗೂಡಿನೊಳಗೆ ಅದು ಹರಡಿಕೊಂಡು ನಿಧಾನವಾಗುತ್ತದೆ, ತಣ್ಣಗಾಗುತ್ತದೆ. ಆವಿ ನೀರಾಗಿ ಗೋಡೆಗೆ ಅಂಟುತ್ತದೆ. ಉರಿದ ಅನಿಲಗಳು ಕರಗಿದ ಆ ನೀರು ತುಸು ಆಮ್ಲದ ಗುಣದ್ದು. ವರ್ಷಗಟ್ಟಲೆ ಹೀಗಾದರೆ ಇಟ್ಟಿಗೆಯ ನಡುವಿನ ಗಾರೆ ಉದುರುತ್ತದೆ, ಗೋಡೆಗೆ ತೇವದ ಕಲೆ ಬರುತ್ತದೆ. ಉದುರಿದ ಚೂರುಗಳು ಕೆಳಗೆ ಬಿದ್ದು ದಾರಿ ಕಟ್ಟಬಹುದು. ತಣ್ಣಗಾದ ಹಬೆ ಮೇಲೇರುವುದನ್ನು ಬಿಟ್ಟು ಕೋಣೆಗೇ ತಿರುಗಿ ಬರಬಹುದು.

‘ದಾರಿ ದೊಡ್ಡದಿದ್ದಷ್ಟೂ ಒಳ್ಳೆಯದು’ ಎಂಬ ಮಾತು ಹೊಗೆಗೆ ಸಲ್ಲುವುದಿಲ್ಲ. ಇದನ್ನು ಇನ್ನೂರು ವರ್ಷಕ್ಕೂ ಹಿಂದೆ ತೋರಿಸಿಕೊಟ್ಟವನು ಕೌಂಟ್ ರಮ್‌ಫೋರ್ಡ್ ಎಂಬ ವಿಜ್ಞಾನಿ. ಲಂಡನ್ನಿನ ಅಗ್ಗಿಷ್ಟಿಕೆಗಳು ಮನೆಯೊಳಗೇ ಹೊಗೆ ಉಗುಳುತ್ತಿದ್ದಾಗ ಅವನು ಚಿಮಣಿಯ ಗಂಟಲನ್ನು ಕಿರಿದು ಮಾಡಿಸಿದ. ಹೊಗೆ ಸರಾಗವಾಗಿ ಮೇಲೇರಿತು. 1796ರಲ್ಲಿ ಅದರ ಬಗ್ಗೆ ಪ್ರಬಂಧವನ್ನೂ ಪ್ರಕಟಿಸಿದ.

ಹಾಗಾದರೆ ಹಳೆಯ ಚಿಮಣಿ ಇದ್ದವರು ಗ್ಯಾಸ್ ಅಗ್ಗಿಷ್ಟಿಕೆ ಹಾಕಿಸುವಾಗ ಏನು ಮಾಡುತ್ತಾರೆ? ಮೂರು ದಾರಿಗಳಿವೆ.

ಮೊದಲನೆಯದು: ಗೂಡಿನಲ್ಲಿ ಸೌದೆಯಂತೆ ಕಾಣುವ ಕೃತಕ ಕೊರಡುಗಳನ್ನಿಟ್ಟು, ಅವುಗಳ ಕೆಳಗೆ ಗ್ಯಾಸ್ ಉರಿಸುವುದು. ಗೂಡಿನ ಬಾಯಿ ತೆರೆದೇ ಇರುತ್ತದೆ. ಹಬೆ ಹಳೆಯ ಚಿಮಣಿಯಲ್ಲೇ ಹೋಗುತ್ತದೆ. ಚಿಮಣಿಯ ಗಂಟಲಲ್ಲಿರುವ ಕಬ್ಬಿಣದ ಮುಚ್ಚಳ ಎಂದಿಗೂ ಪೂರ್ತಿ ಮುಚ್ಚದಂತೆ ಒಂದು ಹಿಡಿಕೆ ಬಿಗಿಯುತ್ತಾರೆ. ನೋಡಲು ಚೆಂದ, ಆದರೆ ಬಿಸಿಯ ಬಹುಪಾಲು ಆಕಾಶಕ್ಕೆ.

ಎರಡನೆಯದು: ಗೂಡಿನೊಳಗೆ ಒಂದು ಪೆಟ್ಟಿಗೆಯಂಥ ಒಲೆ ಕೂರಿಸಿ, ಅದರಿಂದ ಚಿಮಣಿಯ ತುದಿಯವರೆಗೆ ಬಾಗುವ ಲೋಹದ ಕೊಳವೆ ಎಳೆಯುವುದು. ಹಳೆಯ ಗೂಡಿನೊಳಗೆ ಸಣ್ಣ ಹೊಸ ದಾರಿ. ಕೊಳವೆ ಕಿರಿದಾದ್ದರಿಂದ ಹಬೆ ತಣ್ಣಗಾಗುವ ಮೊದಲೇ ಹೊರಗೆ ಹೋಗುತ್ತದೆ. ಇಟ್ಟಿಗೆಗೆ ತೇವ ತಾಗುವುದಿಲ್ಲ. ಆದರೆ ಉರಿಯಲು ಬೇಕಾದ ಗಾಳಿಯನ್ನು ಇದು ಕೋಣೆಯಿಂದಲೇ ತೆಗೆದುಕೊಳ್ಳುತ್ತದೆ. ಹೀಗಾಗಿ ಕೋಣೆಗೆ ಹೊಸ ಗಾಳಿ ಬರುತ್ತಲೇ ಇರಬೇಕು.

ಮೂರನೆಯದು: ಮುಂದೆ ಗಾಜು ಮುಚ್ಚಿ ಭದ್ರ ಮಾಡಿದ ಒಲೆ. ಚಿಮಣಿಯೊಳಗೆ ಎರಡು ಕೊಳವೆ. ಒಂದರಲ್ಲಿ ಹೊರಗಿನ ಗಾಳಿ ಕೆಳಗೆ ಇಳಿಯುತ್ತದೆ, ಇನ್ನೊಂದರಲ್ಲಿ ಹಬೆ ಮೇಲೆ ಏರುತ್ತದೆ. ಮನೆಯ ಗಾಳಿಗೂ ಬೆಂಕಿಗೂ ಸಂಬಂಧವೇ ಇಲ್ಲ. ಮೂರರಲ್ಲಿ ಹೆಚ್ಚು ಸುರಕ್ಷಿತ ಎನಿಸಿಕೊಂಡಿರುವುದು ಇದೇ. ಕಂದೀಲಿನ ಎರಡು ದಾರಿಗಳೂ ಇಲ್ಲಿ ಒಂದೇ ಗೂಡಿನೊಳಗೆ ಬಂದಿವೆ ನೋಡಿ!

ಯಾವ ದಾರಿ ಹಿಡಿದರೂ ಮೊದಲ ಕೆಲಸ ಒಂದೇ: ಚಿಮಣಿ ಬಲ್ಲವರಿಂದ ಒಳಗಿನ ಮಸಿ, ಹಕ್ಕಿಗೂಡು, ಬಿದ್ದ ಇಟ್ಟಿಗೆ ತೆಗೆಸಿ ಪರೀಕ್ಷಿಸುವುದು. ತುದಿಯಲ್ಲಿ ಮಳೆ, ಹಕ್ಕಿ ಒಳಗೆ ಬಾರದಂತೆ ಟೋಪಿ ಹಾಕುವುದು. ಗ್ಯಾಸಿನ ಕೊಳವೆಗೆ ಸೌದೆ ಒಲೆಯನ್ನು ಎಂದೂ ಜೋಡಿಸದಿರುವುದು. ಮನೆಯೊಳಗೆ ಕಾರ್ಬನ್ ಮೊನಾಕ್ಸೈಡ್ ಪತ್ತೆ ಹಚ್ಚಿ ಕೂಗುವ ಗಂಟೆ ಇಡುವುದು. ಪರದೇಶದ ಮಗಳು ‘ಅವ್ವಾ, ಹಳೇ ಗೂಡಿಗೆ ಗ್ಯಾಸ್ ಹಾಕಸಾಕತ್ತೀವಿ’ ಎಂದು ಫೋನಿನಲ್ಲಿ ಹೇಳಿದರೆ, ‘ಒಳಗ ಕೊಳವಿ ಹಾಕಸಿದ್ರೇನವಾ?’ ಎಂದು ಕೇಳಲು ಈಗ ನಿಮಗೂ ಗೊತ್ತಾಯಿತು.

ನಮ್ಮ ಬಚ್ಚಲಿನಲ್ಲಿ ಅದೇ ಮಾತು

ಇಟಗಿಯಲ್ಲಿ ಫೈರ್‌ಪ್ಲೇಸ್ ಬೇಕಾಗುವಷ್ಟು ಚಳಿ ಇಲ್ಲ. ಆದರೆ ಚಿಮಣಿಯ ಪಾಠ ಅಲ್ಲಿಗೂ ಬೇಕು. ಯಾಕೆಂದರೆ ಗ್ಯಾಸ್ ಈಗ ಅಡುಗೆಮನೆ ದಾಟಿ ಬಚ್ಚಲಮನೆಗೆ ಹೋಗಿದೆ.

ಮೊದಲು ಹಂಡೆಯ ಒಲೆ ಇರುತ್ತಿತ್ತು. ಬಚ್ಚಲಿಗೆ ಅದರದೇ ಹೊಗೆಗಿಂಡಿ ಇತ್ತು. ಈಗ ಆ ಜಾಗದಲ್ಲಿ ಗ್ಯಾಸ್ ಗೀಸರ್. ಕಿಂಡಿಗೆ ಗಾಜು, ಬಾಗಿಲಿಗೆ ಪ್ಲಾಸ್ಟಿಕ್, ಒಳಗಿನಿಂದ ಚಿಲಕ. ಗ್ಯಾಸ್ ಗೀಸರ್ ಅಡುಗೆ ಒಲೆಯ ಒಂದು ಬರ್ನರಿಗಿಂತ ಹಲವು ಪಟ್ಟು ಜೋರಾಗಿ ಉರಿಯುತ್ತದೆ. ಲೆಕ್ಕ ಹಾಕಿ: ಐದು ಅಡಿ ಅಗಲ, ಆರು ಅಡಿ ಉದ್ದ, ಎಂಟು ಅಡಿ ಎತ್ತರದ ಬಚ್ಚಲಲ್ಲಿರುವ ಗಾಳಿಯ ತೂಕ ಒಟ್ಟು ಸುಮಾರು 8 ಕಿಲೋ. ಅರ್ಧ ಕಿಲೋ ಅನಿಲ ಉರಿಯಲು ಹೆಚ್ಚುಕಡಿಮೆ ಅಷ್ಟೂ ಗಾಳಿ ಬೇಕು. ಆದರೆ ಅಷ್ಟು ಉರಿಯುವವರೆಗೆ ಕಾಯಬೇಕಿಲ್ಲ. ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾಗುತ್ತ ಬಂದಂತೆ ವಿಷ ಹುಟ್ಟಲು ಶುರುವಾಗುತ್ತದೆ. ಒಳಗಿದ್ದವರಿಗೆ ತಲೆಸುತ್ತು, ಆಮೇಲೆ ಕಾಲಲ್ಲಿ ಬಲವಿಲ್ಲ. ಚಿಲಕ ತೆಗೆಯಲೂ ಆಗುವುದಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ ಎಂಬ ಸುದ್ದಿಗಳನ್ನು ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ.

ಇನ್ನೊಂದು ಕೋಣೆ ಇದೆ, ಅದನ್ನು ಅಜ್ಜಿಯರೇ ನೋಡಿಕೊಳ್ಳಬೇಕು. ಅದು ಬಾಣಂತಿಯ ಕೋಣೆ. ಹೊರಸಿನ ಕೆಳಗೆ ಕೆಂಡ ಇಟ್ಟು ಕಾಸುವುದು ನಮ್ಮ ಕಡೆಯ ರೂಢಿ. ಹಿಂದೆ ಮೇಲೆ ಬೆಳಕಿಂಡಿ ಇತ್ತು, ಬಾಗಿಲ ಸಂದು ಇತ್ತು. ಸ್ಲ್ಯಾಬಿನ ಕೋಣೆಯಲ್ಲಿ ಗಾಳಿ ಆಡದಂತೆ ಕಿಟಕಿ ಬಿಗಿಮಾಡಿ ಕೆಂಡ ಇಟ್ಟರೆ ತಾಯಿ, ಮಗು ಇಬ್ಬರಿಗೂ ಅಪಾಯ. ಕೆಂಡಕ್ಕೆ ಹೊಗೆ ಕಾಣುವುದಿಲ್ಲ, ಆದರೆ ಅದು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಚಳಿಗಾಲದ ರಾತ್ರಿ ಶೆಗಡಿ ಇಟ್ಟುಕೊಂಡು ಬಾಗಿಲು ಮುಚ್ಚಿ ಮಲಗುವವರಿಗೂ ಇದೇ ಮಾತು. ಬೆಚ್ಚಗಿರಲು ಕಂಬಳಿ, ಕೌದಿ ಇರಲಿ. ಕೆಂಡದ ಜೊತೆ ನಿದ್ದೆ ಬೇಡ.

ಮೇಲೊಂದು, ಕೆಳಗೊಂದು

ಜಾಣ ಮಕ್ಕಳು ಈಗ ಒಂದು ಪ್ರಶ್ನೆ ಕೇಳಬಹುದು: ‘ಗ್ಯಾಸ್ ಸೋರಿದರೂ ಬೆಳಕಿಂಡಿಯಿಂದ ಹೋಗುತ್ತದಲ್ಲವೇ?’ ಇಲ್ಲ! ಉರಿದ ಮೇಲಿನ ಬಿಸಿ ಹಬೆ ಮೇಲೆ ಹೋಗುತ್ತದೆ. ಉರಿಯದೆ ಸೋರಿದ ಅಡುಗೆ ಅನಿಲ ಗಾಳಿಗಿಂತ ಭಾರ. ಅದು ನೀರಿನಂತೆ ನೆಲಕ್ಕೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಅದು ಹೊರಗೆ ಹೋಗಬೇಕಾದರೆ ಬಾಗಿಲೋ ನೆಲದ ಹತ್ತಿರದ ಕಿಂಡಿಯೋ ಬೇಕು. ಅದಕ್ಕೇ ಗ್ಯಾಸ್ ಇರುವ ಕೋಣೆಗೆ ಮೇಲೊಂದು ಕಿಂಡಿ, ಕೆಳಗೊಂದು ಕಿಂಡಿ, ಎರಡೂ ಬೇಕು.

ಬೆಳಕಿಂಡಿಯ ವಿಷಯದಲ್ಲಿ ಒಂದು ಸುಲಭ ಉಪಾಯ ಇದೆ. ಅದರ ಮೇಲೆ ಗಾಜನ್ನು ಸಿಮೆಂಟಿನಿಂದ ಅಂಟಿಸುವ ಬದಲು, ನಾಲ್ಕು ಮೂಲೆಗೆ ಗೇಣುದ್ದದ ಕಾಲು ನಿಲ್ಲಿಸಿ, ಅವುಗಳ ಮೇಲೆ ಕಿಂಡಿಗಿಂತ ಅಗಲವಾದ ಗಾಜು ಅಥವಾ ಪಾರದರ್ಶಕ ಹಾಳೆ ಬಿಗಿಯಿರಿ. ಸುತ್ತಲೂ ಜಾಲರಿ ಹೊಡೆಯಿರಿ. ಮಳೆ, ಬೆಕ್ಕು, ಮಂಗ ಒಳಗೆ ಬಾರವು. ಬೆಳಕು, ಗಾಳಿ ಆಡುತ್ತವೆ. ಪರದೇಶದ ಚಿಮಣಿಗೆ ಹಾಕುವ ಟೋಪಿಯೂ ಇಂಥದೇ.

ಹಳೆಯ ಅಸ್ತ್ರ ಒಲೆಯ ಕೊಳವೆ ಉಳಿದಿದ್ದರೆ ಗೀಸರಿನ ಹೊಗೆಕೊಳವೆಯನ್ನು ಅದಕ್ಕೆ ಸಿಕ್ಕಿಸುವ ಉಳಿತಾಯ ಬೇಡ. ಮಸಿ ಕಟ್ಟಿದ, ಬಿರುಕು ಬಿಟ್ಟ ಕೊಳವೆ ಹಬೆಯನ್ನು ಮನೆಯೊಳಗೇ ಬಿಡಬಹುದು. ಗೀಸರಿಗೆ ಅದನ್ನು ತಯಾರಿಸಿದವರು ಹೇಳಿದ ಅಳತೆಯ ಪ್ರತ್ಯೇಕ ಕೊಳವೆಯೇ ಆಗಬೇಕು. ಇನ್ನೂ ಒಳ್ಳೆಯದೆಂದರೆ ಗೀಸರನ್ನು ಬಚ್ಚಲಿನ ಹೊರಗೆ ಗಾಳಿಯಾಡುವ ಕಡೆ ಇರಿಸಿ, ಬಿಸಿನೀರಿನ ನಳ ಮಾತ್ರ ಒಳಗೆ ತರುವುದು.

ಅಜ್ಜ–ಮೊಮ್ಮಕ್ಕಳ ಭಾನುವಾರದ ಕೆಲಸ

ಈ ಭಾನುವಾರ ಅಜ್ಜನ ಕೈಗೆ ಒಂದು ಊದುಬತ್ತಿ ಕೊಡಿ, ನೀವು ನೋಟುಬುಕ್ಕು ಹಿಡಿದುಕೊಳ್ಳಿ. ಗ್ಯಾಸ್ ವಾಸನೆ ಇಲ್ಲವೆಂದು ಮೊದಲು ಖಚಿತ ಮಾಡಿಕೊಂಡು, ಒಲೆ, ಗೀಸರ್, ಫ್ಯಾನ್ ಎಲ್ಲ ಬಂದ್ ಮಾಡಿ, ಮನೆಯೆಲ್ಲ ಸುತ್ತಿ ಬನ್ನಿ.

1. ಬಾಗಿಲ ಸಂದಿಯ ಹತ್ತಿರ ಊದುಬತ್ತಿಯ ಹೊಗೆ ಒಳಗೆ ಬಾಗುತ್ತದೆಯೇ? ಕಿಂಡಿಯ ಹತ್ತಿರ ಹೊರಗೆ ಬಾಗುತ್ತದೆಯೇ? ಎಲ್ಲೂ ಅಲ್ಲಾಡದಿದ್ದರೆ ಆ ಕೋಣೆಗೆ ಗಾಳಿಯ ದಾರಿ ಇಲ್ಲವೆಂದು ಬರೆದುಕೊಳ್ಳಿ.

2. ಬೆಳಕಿಂಡಿ ಮುಚ್ಚಿದೆಯೇ? ಅದರಲ್ಲಿ ಜೇಡರ ಬಲೆ, ಗುಬ್ಬಿಗೂಡು, ಎಲೆ ತುಂಬಿವೆಯೇ?

3. ಊದುಬತ್ತಿ ಆರಿಸಿದ ಮೇಲೆ ದೊಡ್ಡವರು ಒಲೆ ಹಚ್ಚಲಿ. ಉರಿ ನೀಲಿ ಇದೆಯೇ? ಹಳದಿಯಾಗಿ ಪಾತ್ರೆಯ ಅಡಿಗೆ ಮಸಿ ಹತ್ತಿದರೆ ಬರ್ನರ್ ತೊಳೆಯಬೇಕು ಅಥವಾ ಮೆಕ್ಯಾನಿಕ್ ಕರೆಸಬೇಕು.

4. ಗೀಸರ್ ಬಚ್ಚಲಿನ ಒಳಗಿದೆಯೇ? ಅದರ ಹೊಗೆಕೊಳವೆ ಮನೆಯ ಹೊರಗೆ ತೆರೆಯುತ್ತದೆಯೇ? ಅದು ಸರಿಯಾಗುವವರೆಗೆ ಬಕೆಟ್ ತುಂಬಿಸಿಕೊಂಡು, ಗೀಸರ್ ಬಂದ್ ಮಾಡಿ, ಬಾಗಿಲು ತೆರೆದು ಗಾಳಿ ಆಡಿದ ಮೇಲೆ ಸ್ನಾನಕ್ಕೆ ಹೋಗಿ.

5. ಗ್ಯಾಸ್ ವಾಸನೆ ಬಂದರೆ ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತೇ? ಲೈಟಿನ ಸ್ವಿಚ್ ಮುಟ್ಟಬಾರದು, ಕಡ್ಡಿ ಗೀರಬಾರದು. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಬೇಕು.

6. ಒಂದೇ ಕೋಣೆಯಲ್ಲಿದ್ದ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು, ತಲೆಸುತ್ತು, ವಾಂತಿ ಬಂದರೆ ಅದು ಬರೀ ಪಿತ್ತ ಎಂದುಕೊಳ್ಳಬೇಡಿ. ಕೂಡಲೇ ಎಲ್ಲರನ್ನೂ ಹೊರಗಿನ ಗಾಳಿಗೆ ಕರೆತಂದು 108ಕ್ಕೆ ಕರೆ ಮಾಡಿ.

ಪಟ್ಟಿ ಮುಗಿದ ಮೇಲೆ ಅದನ್ನು ಸಿಲಿಂಡರ್ ಬದಲಿಸುವವರ ಕಣ್ಣಿಗೆ ಬೀಳುವಂತೆ ಅಡುಗೆಮನೆಯ ಗೋಡೆಗೆ ಅಂಟಿಸಿ. ಪ್ರತಿ ಹೊಸ ಸಿಲಿಂಡರ್ ಬಂದ ದಿನ ಒಮ್ಮೆ ತಲೆ ಎತ್ತಿ ಕಿಂಡಿ ನೋಡಿ. 22 ಲೀಟರ್ ನೀರಿನ ಆವಿ ಹೊರಗೆ ಹೋಗಬೇಕಲ್ಲವೇ?